ಅವರು ಜರ್ಮನ್, ಇವಳು ಇಂಗ್ಲಿಷ್

ಬಿಸಿಲು ಕಿಟಕಿಯ ಕಂಬಿ ಬಿಟ್ಟು ಗೋಡೆ ಹತ್ತಿದೆ, ಕ್ಯಾಲೆಂಡರಿನ ಮೊಳೆಯವರೆಗೆ ಹೋಯಿತೆಂದರೆ ಹೊತ್ತು ಮುಳುಗಿದಂತೆಯೇ, ಮುಳುಗಿದ ಮೇಲೆ ಈ ಮನುಷ್ಯ ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ, ಕತ್ತಲಾದ ಮೇಲೆ ಉಣ್ಣಬಾರದೆಂಬ ಮನೆತನದ ನೇಮವೊಂದು ಆ ತಲೆಯಲ್ಲಿ ಗಟ್ಟಿಯಾಗಿ ಉಳಿದಿದೆ, ಕಟ್ಟಿಕೊಂಡ ಹೆಂಡತಿ ಉಳಿದಿಲ್ಲ, ಇದು ಯಾವ ಸೀಮೆಯ ನ್ಯಾಯ — ಧರ್ಮಾವತಿ ಚಮಚದ ಅನ್ನಕ್ಕೆ ಊದಿದಳು, ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ್ದು, ಆಗಲೇ ಆರಿ ತಣ್ಣಗಾಗಿದೆ, ಆದರೂ ಊದುತ್ತಾಳೆ. ಎದುರಿಗೆ ಬೆತ್ತದ ಕುರ್ಚಿಯಲ್ಲಿ ಅಜಿತಪ್ರಸಾದ, ಸ್ವಾಧೀನವಿಲ್ಲದ ಬಲಗೈ ದಿಂಬಿನ ಮೇಲೆ, ಲೇರ್‌ಫೆರ್ಕೌಫ್, ಅಂದರು ಅವರು. ಇವಳು ಹಲ್ಲು ಕಚ್ಚಿದಳು. ಶಾರ್ಟ್ ಸೇಲ್, ನಾಲಿಗೆಯ ತುದಿಯಲ್ಲೇ ಇದೆ, ಕೈಯಲ್ಲಿಲ್ಲದ ಷೇರನ್ನು ಮಾರುವುದು, ಅಂದುಬಿಟ್ಟರೆ ಬಾಯಿ ತೆರೆಯುತ್ತದೆ, ಚಮಚ ಒಳಗೆ ಹೋಗುತ್ತದೆ, ಹೊಟ್ಟೆ ತುಂಬುತ್ತದೆ — ಬೇಡ, ಇವತ್ತು ಅನ್ನುವುದಿಲ್ಲ. ಬೇಲೂರಿನಿಂದ ಬಂದು ಮಾತು ಮರಳಿ ಕಲಿಸುವ ಹುಡುಗಿ ನಯನಾ ಬೆಳಿಗ್ಗೆ ತಾನೇ ಹೇಳಿದಳಲ್ಲ, ಆಂಟಿ, ನೀವು ಹೀಗೆ ಉತ್ತರ ಕೊಡ್ತಾನೇ ಹೋದ್ರೆ ಅಂಕಲ್ ಅಲ್ಲೇ ನಿಂತ್ಬಿಡ್ತಾರೆ, ಕನ್ನಡದಲ್ಲಿ ನಾನ್ಯಾರು ಅಂತ ಕೇಳಿ, ಕೇಳಿ ಸುಮ್ನೆ ಕಾಯಿರಿ. ಕಾಯಬೇಕಂತೆ, ಹೇಳುವುದಕ್ಕೇನು, ಅವಳು ಹೇಳಿ ಸ್ಕೂಟರ್ ಹತ್ತಿ ಹೋದಳು, ಹಸಿದವರ ಮುಂದೆ ತಟ್ಟೆ ಹಿಡಿದು ಕೂರಬೇಕಾದವಳು ಇವಳು.

ಅವರು ಜರ್ಮನ್, ಇವಳು ಇಂಗ್ಲಿಷ್, ಅನುವಾದದ ಕಸುಬು, ಮನೆ ನಡೆದದ್ದೇ ಹಾಗೆ. ಜರ್ಮನಿಯ ಷೇರುಪೇಟೆಯ ಪ್ರಕಟಣೆಗಳು, ಫಂಡುಗಳ ವರದಿಗಳು, ಎಲ್ಲವೂ ಹಳೇಬೀಡಿನ ಈ ಕೋಣೆಗೆ ಬಂದು ಇಂಗ್ಲಿಷಾಗಿ ಹೋಗುತ್ತಿದ್ದವು, ಅವರು ಕಂಪ್ಯೂಟರಿನ ಮುಂದೆ ಕೂತು ತೊಡಕಿನ ಪದವೊಂದನ್ನು ಕೂಗುವುದು, ಇವಳು ಒಲೆಯ ಮುಂದಿರಲಿ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿರಲಿ, ಅಲ್ಲಿಂದಲೇ ಇಂಗ್ಲಿಷ್ ಕೂಗುವುದು, ಪಕ್ಕದ ಮನೆಯವರಿಗೆ ಮೊದಮೊದಲು ಇದು ಗಂಡ ಹೆಂಡಿರ ಜಗಳವೆಂದೇ ಅನುಮಾನ. ಜಗಳ ಇರಲಿಲ್ಲವೆಂದಲ್ಲ, ಮದುವೆ ಆದದ್ದೇ ಜಗಳದಿಂದ — ಶನಿವಾರದ ರೈಲು, ಬೆಂಗಳೂರಿನ ಜರ್ಮನ್ ತರಗತಿಗೆ ಇಬ್ಬರೂ ಅರಸೀಕೆರೆಯಲ್ಲಿ ಹತ್ತುತ್ತಿದ್ದರು, ಇವಳ ಅಪ್ಪನದು ಅಲ್ಲಿ ಕೊಬ್ಬರಿ ಮಂಡಿ, ಅವರು ಹಳೇಬೀಡಿನಿಂದ ಮೊದಲ ಬಸ್ಸು ಹಿಡಿದು ನಿದ್ದೆಗಣ್ಣಲ್ಲಿ ಬರುತ್ತಿದ್ದರು, ಕುರ್ಸ್ ಅನ್ನುವುದಕ್ಕೆ ಪ್ರೈಸ್ ಅನ್ನಬೇಕೋ ರೇಟ್ ಅನ್ನಬೇಕೋ ಅಂತ ತಿಪಟೂರು ಬರುವಷ್ಟರಲ್ಲಿ ಬೋಗಿಯೇ ತಿರುಗಿ ನೋಡುವಷ್ಟು ವಾದ, ನಿಮ್ಮನ್ನ ಕಟ್ಟಿಕೊಳ್ಳೋಳು ಕೆಟ್ಟಳು ಅಂದಿದ್ದಳು ಇವಳು, ಹಾಗಿದ್ರೆ ನೀವೇ ಕಟ್ಟಿಕೊಳ್ಳಿ, ಅಭ್ಯಾಸ ಆಗಿದೆಯಲ್ಲ, ಅಂದಿದ್ದರು ಅವರು, ಕಿಟಕಿಯ ಕಡೆ ಮುಖ ತಿರುಗಿಸಿ, ಕಿವಿ ಕೆಂಪಾಗಿತ್ತು. ಆ ಕಿವಿ ಇಲ್ಲೇ ಇದೆ, ಕೈಚಾಚಿದರೆ ಸಿಗುತ್ತದೆ. ದೀಪಾವಳಿ ಮುಗಿದ ವಾರ ಮಿದುಳಿನ ರಕ್ತನಾಳ ಒಡೆಯಿತು, ಹಾಸನದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರು, ಮಾತಿಲ್ಲ, ಗುರುತಿಲ್ಲ, ಗಂಟಲಿಗೆ ನೀರು ಸಹ ಇಳಿಯಲೊಲ್ಲದು, ಆಮೇಲೊಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಬೆಟ್ಸೂಗ್ಸ್‌ರೆಷ್ಟ್ ಅಂದರು, ಹೊಸ ಷೇರು ಕೊಳ್ಳುವ ಹಕ್ಕು, ಇವಳು ಎಂದಿನ ರೂಢಿಯಲ್ಲಿ ಸಬ್‌ಸ್ಕ್ರಿಪ್ಷನ್ ರೈಟ್ ಅಂದಳು, ಅವರ ಬಾಯಿ ತೆರೆಯಿತು, ಗಂಜಿ ಒಳಗೆ ಹೋಯಿತು, ಇವಳು ವಾರ್ಡಿನಲ್ಲೇ ಗಳಗಳ ಅತ್ತಳು. ಅಂದಿನಿಂದ ಪದಕ್ಕೊಂದು ತುತ್ತು. ನೋಡಲು ಬಂದ ಚಿಕ್ಕಮ್ಮ ಅದನ್ನು ಯಾವುದೋ ಸ್ತೋತ್ರವೆಂದು ತಿಳಿದು ಕೈಮುಗಿದು ಕೂತುಬಿಟ್ಟರು, ಪುಣ್ಯಾತ್ಮ ಕಣೇ ನಿನ್ನ ಗಂಡ, ಅಂದರು. ಚಿಕ್ಕಮ್ಮನನ್ನು ನಕ್ಕು ಕಳಿಸಿದಳಲ್ಲ, ಇವಳದೇನು ಹೆಚ್ಚುಗಾರಿಕೆ, ಇವಳೂ ತಿಳಿದಿದ್ದು ತಪ್ಪೇ — ತನ್ನನ್ನೇ ಕರೆಯುತ್ತಿದ್ದಾರೆ ಅಂತ ತಿಳಿದು, ಕರೆದಾಗಲೆಲ್ಲ ಓಗೊಟ್ಟು, ಒಳಗೊಳಗೇ ಹಿಗ್ಗಿದ್ದಳು.

ಲೇರ್‌ಫೆರ್ಕೌಫ್, ಈ ಸಲ ಗಟ್ಟಿಯಾಗಿ, ಹುಬ್ಬು ಗಂಟಿಕ್ಕಿದೆ. ಬಿಸಿಲು ಮೊಳೆಗೆ ಇನ್ನು ಗೇಣು. ರೀ, ನಾನ್ಯಾರು ಹೇಳಿ, ಅಂದಳು ಧರ್ಮಾವತಿ, ಒಂದು ಸಲ ಹೆಸರು ಹಿಡಿದು ಕರೆದರೆ ಸಾಕು, ಆಮೇಲೆ ಜೀವಮಾನವಿಡೀ ಷೇರುಪೇಟೆಯಲ್ಲೇ ಇರಲಿ, ಒಂದೇ ಸಲ. ಅವರು ನೋಡಿದರು, ಮುಖ, ಚಮಚ, ಮತ್ತೆ ಮುಖ, ತುಟಿ ಅಲುಗಾಡಿತು, ಹುಡುಕುತ್ತಿದ್ದಾರೆ, ಹುಡುಕಲಿ, ಅವಸರ ಮಾಡಬಾರದು, ಸ್ವಲ್ಪ, ಅಂದರು, ಕನ್ನಡ, ಅಯ್ಯೋ ಕನ್ನಡ,

“ಸ್ವಲ್ಪ ಧರ್ಮಾವತೀನ ಕರೀರಿ ಅಮ್ಮ. ಒಳಗಿರ್ತಾಳೆ. ಅವಳಿಗೆ ಗೊತ್ತಿರುತ್ತೆ.”

ಹೆಸರು ಬಂತು, ಬಂದೇ ಬಂತು, ನಗುವುದಕ್ಕೆಂದು ತೆರೆದ ಬಾಯಿ ತೆರೆದೇ ಉಳಿಯಿತು, ಯಾರನ್ನು ಕರೆಯುವುದು, ಎಲ್ಲಿಂದ, ಅವಳಿಗೆ ಗೊತ್ತಿರುತ್ತೆ ಅನ್ನುವಾಗ ಆ ಮುಖದಲ್ಲಿ ಎಷ್ಟು ನಂಬಿಕೆ, ಯಾರ ಮೇಲೆ ಆ ನಂಬಿಕೆ, ಒಳಗೆ ಯಾರೂ ಇಲ್ಲ ಅನ್ನಲೇ — ಅನ್ನಲಾರಳು, ಅಷ್ಟು ಗಟ್ಟಿಗಿತ್ತಿ ಅಲ್ಲ ಇವಳು. ಕರೀತೀನಿ ಇರಿ, ಅಂದಳು, ತಟ್ಟೆ ಕೆಳಗಿಟ್ಟು ಎದ್ದಳು, ಬಾಗಿಲು ದಾಟಿ ಅಡುಗೆಮನೆಗೆ ಹೋಗಿ ಆರಿದ ಒಲೆಯ ಮುಂದೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಕೂಗಿದಳು, ಶಾರ್ಟ್ ಸೇಲ್ ಕಣ್ರೀ. ಹೊರಗಿನಿಂದ ನಗು ಕೇಳಿತು, ಹಳೆಯ ನಗು, ದೀಪಾವಳಿಗೆ ಮುಂಚಿನದು, ಓಡಿದಳು, ಚಿಕ್ಕ ಹುಡುಗಿಯ ಹಾಗೆ ಓಡಿ ಬಂದು ಎದುರಿಗೆ ಕೂತಳು, ಚಮಚ ಎತ್ತಿದಳು, ಅವರ ಮುಖ ಅರಳಿದೆ, ಬಾಯಿ ತೆರೆದಿದೆ, ಕಣ್ಣು ಇವಳ ಮೇಲಿಲ್ಲ, ಇವಳ ಹೆಗಲಿನಾಚೆ ಬಾಗಿಲ ಮೇಲಿದೆ, ಬರುತ್ತಾಳೆ, ಈಗ ಬರುತ್ತಾಳೆ ಅಂತ ಬಾಗಿಲನ್ನೇ ನೋಡುತ್ತಿದ್ದಾರೆ, ಇವಳೂ ತಿರುಗಿ ನೋಡಿದಳು, ಬಾಗಿಲು, ಯಾರೂ ಇಲ್ಲದ ಬಾಗಿಲು —