ಹಿಂದ

ಸೈನಿಕನಾಗಿದ್ದ ನನ್ನಣ್ಣ ನಿಯಾಜ ಗಡಿಯಲ್ಲಿ ಪಾಕಿಸ್ತಾನದ ಫಿರಂಗಿಗೆ ಸಿಕ್ಕು ಸತ್ತ. ಆಲಮೇಲದಲ್ಲಿ ಮಣ್ಣು ಮಾಡಿದ ದಿನ ಅವ್ವ ಬಿಬಿಜಾನ ಒಂದೇ ಮಾತು ಹೇಳಿದಳು: “ಹೊಡದಾಂವನ ಅವ್ವನೂ ಹಿಂಗ ಅಳಬೇಕು.” ಮರುವರ್ಷ ನಾನೂ ಸೈನ್ಯ ಸೇರಿದೆ. ದೇಶಸೇವೆ ಎಂದು ಊರವರು ಬೆನ್ನು ತಟ್ಟಿದರು. ಸುಳ್ಳೇಕೆ ಹೇಳಲಿ, ನನಗೆ ಬೇಕಿದ್ದದ್ದು ಸೇಡು.

ಎಂಟು ವರ್ಷ ಹಲ್ಲು ಕಚ್ಚಿ ಕಾದಿದ್ದಕ್ಕೆ ಸಿಕ್ಕಿದ್ದು ಶಾಂತಿಪಡೆಯ ನೀಲಿ ಟೋಪಿ. ಆಫ್ರಿಕಾದ ಬಂಡುಕೋರರ ವಿರುದ್ಧ ನಾವೂ ಪಾಕಿಸ್ತಾನದವರೂ ಸೇರಿ ಗಸ್ತು ತಿರುಗಬೇಕಂತೆ! ನನ್ನ ಜೋಡಿ ಅವರ ಹವಾಲ್ದಾರ ಮಹಮ್ಮದಹನೀಫ. ಇಬ್ಬರಿಗೂ ತಿಳಿಯುವ ಮಾತುಗಳನ್ನು ಮೊದಲೇ ಗೊತ್ತುಮಾಡಿದ್ದರು. ಬೆನ್ನ ಹಿಂದೆ ಶತ್ರು ಕಂಡರೆ ‘ಪೀಛೆ’ ಎಂದು ಕೂಗಬೇಕು.

ಮೊದಲ ತಾಲೀಮಿನಲ್ಲಿ ನನ್ನ ಬಾಯಿಂದ ಊರ ಮಾತು ಜಾರಿತು: “ಹಿಂದ!” ಹನೀಫ ತಿರುಗಲಿಲ್ಲ. ‘ಹಿಂದ್’ ಎಂದು ನನ್ನ ದೇಶದ ಹೆಸರು ಕೂಗಿ ಕೆಣಕಿದೆನೆಂದು ತಿಳಿದು ನನ್ನನ್ನೇ ದುರುಗುಟ್ಟಿ ನೋಡಿದ. ನಾನು ನಕ್ಕೆ. ಅರ್ಥ ಮಾತ್ರ ಹೇಳಲಿಲ್ಲ.

ಅವನು ಕೆಟ್ಟವನಾಗಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುತ್ತಿತ್ತು. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಚಪ್ಪರಿಸಿ ತಿನ್ನುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ತಿನ್ನುತ್ತಲೇ, ಹಿಂದೊಮ್ಮೆ ಗಡಿಯಲ್ಲಿ ಫಿರಂಗಿ ಹಾರಿಸುತ್ತಿದ್ದೆನೆಂದ. ಎಲ್ಲಿ, ಯಾವಾಗ ಎಂದು ಕೇಳಿದೆ. ನಿಯಾಜ ಸತ್ತ ಠಾಣ್ಯದ ಎದುರು, ಅದೇ ಚಳಿಗಾಲ. ಅವನಿಗೆ ಇನ್ನೊಂದು ರೊಟ್ಟಿ ಕೊಟ್ಟೆ.

ಮೂರು ವಾರ ಕಳೆದಿರಬೇಕು. ಗಸ್ತಿನಲ್ಲಿ ನಾನು ಮುಂದೆ, ಹನೀಫ ಇಪ್ಪತ್ತು ಹೆಜ್ಜೆ ಹಿಂದೆ. ಹೊರಳಿ ನೋಡಿದರೆ, ಅವನ ಬೆನ್ನ ಹಿಂದಿನ ಪೊದೆಯಿಂದ ಬಂಡುಕೋರನೊಬ್ಬ ಬಂದೂಕು ಎತ್ತುತ್ತಿದ್ದ. ನಾನು ಗುಂಡು ಹಾರಿಸಲು ಹನೀಫನೇ ಅಡ್ಡ.

“ಹಿಂದ!” ಎಂದು ಕೂಗಿದೆ.

ಹನೀಫ ಅವತ್ತಿನಂತೆಯೇ ನನ್ನನ್ನು ದುರುಗುಟ್ಟಿ ನೋಡಿದ. ಬಂಡುಕೋರನಿಗೆ ಅಷ್ಟು ಹೊತ್ತು ಸಾಕಾಯಿತು. ಹನೀಫ ಬಿದ್ದ ಮೇಲೆ ಆ ಬಂಡುಕೋರನನ್ನು ನಾನು ಹೊಡೆದೆ.

ಗಾಬರಿಯಲ್ಲಿ ತಾಯಿನುಡಿ ಬಾಯಿಗೆ ಬಂತೆಂದು ವಿಚಾರಣೆಯವರು ಬರೆದುಕೊಂಡರು. ಹನೀಫನ ಸೇಡು ತೀರಿಸಿದೆನೆಂದು ಅವನ ಜೊತೆಗಾರರು ನನ್ನನ್ನು ಅಪ್ಪಿಕೊಂಡು ಅತ್ತರು.

ರಜೆ ಸಿಕ್ಕ ಕೂಡಲೇ ಸಿಂದಗಿಯ ಬಸ್ಸು ಹಿಡಿದು ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಎಲ್ಲ ಹೇಳಿದೆ. ಖುಷಿಪಡುತ್ತಾಳೆಂದುಕೊಂಡಿದ್ದೆ. ಅವಳ ಕೈ ನಿಂತಿತು.

“ಪೀಛೆ ಅನ್ನಾಕ ನಿನಗ ಬರ್ತಿರಲಿಲ್ಲೇನು, ಬಂದೇನವಾಜ?”

“ಬರ್ತಿತ್ತವ್ವ,” ಎಂದೆ. “ನಾಲಿಗಿ ತುದೀಗೇ ಇತ್ತು.”