ಎಡಗೈಯ ಏಟು

ನಾನು ಒಂದು ಬೆಂಚು. ದೊಡ್ಡವರು ನನ್ನ ಮೇಲೆ ಕೂತರೆ ಅವರ ಮೊಣಕಾಲು ಗಲ್ಲಕ್ಕೆ ತಾಗುತ್ತದೆ, ಅಷ್ಟು ಗಿಡ್ಡ. ಹುಟ್ಟಿದಾಗ ಹೀಗಿರಲಿಲ್ಲ. ಮಂಡ್ಯದ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಸಿದ್ದಾಚಾರಿ ಎಂಬ ಬಡಗಿ, ಮುರಿದ ಮಂಚದ ಬೇವಿನ ಹಲಗೆಯಿಂದ ನನ್ನನ್ನು ಮಾಡಿದ. ಹಿಟ್ಟಿನ ಗಿರಣಿಗೆ ಬೇಕಿತ್ತಂತೆ. ಹೆಂಗಸರು ರಾಗಿ ಡಬ್ಬಗಳನ್ನು ನನ್ನ ಮೇಲಿಟ್ಟು, ಸೊಸೆಯರನ್ನು ಬೈಯುತ್ತ ಸರದಿ ಕಾಯುತ್ತಿದ್ದರು. ಮೈಯೆಲ್ಲ ಹಿಟ್ಟು, ಕಿವಿತುಂಬ ಮಾತು. ಚೆನ್ನಾಗಿತ್ತು ಆ ಕಾಲ.

ಗಿರಣಿ ನಿಂತುಹೋಯಿತು. ಮಾಲೀಕರ ಹೆಂಡತಿ ಜಲಜಾಕ್ಷಿ ಟೀಚರ್ ಅದೇ ಕಟ್ಟಡಕ್ಕೆ ಸುಣ್ಣ ಹೊಡೆಸಿ, ಗೋಡೆಗೆ ಗಿಳಿ, ಆನೆ ಬರೆಸಿ, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ ತೆರೆದರು. ನಾನು ಮಕ್ಕಳಿಗೆ ಎತ್ತರವಾಗುತ್ತೇನೆಂದು ಸಿದ್ದಾಚಾರಿಯನ್ನೇ ಕರೆಸಿ ನನ್ನ ಕಾಲು ಕೊಯ್ಯಿಸಿದರು.

"ಮೂಲೆನೂ ವಸಿ ಉಜ್ಜಿ ಗುಂಡಗೆ ಮಾಡ್ಬುಡ್ಲೇನವ್ವ?" ಎಂದು ಆಚಾರಿ ಕೇಳಿದ.

"ಆಮೇಲೆ ನೋಡೋಣ ಆಚಾರ್ರೇ, ನಾಳೆನೇ ಪೂಜೆ ಇದೆ" ಎಂದರು ಟೀಚರ್. ಆ ಆಮೇಲೆ ಎಂಬುದು ಬರಲೇ ಇಲ್ಲ.

ಮಕ್ಕಳು ಬಂದರು. ನನ್ನ ಮೇಲೆ ಸಾಲಾಗಿ ಕೂತು ಉಪ್ಪಿಟ್ಟು ತಿಂದರು, ತಿಂದದ್ದಕ್ಕಿಂತ ಹೆಚ್ಚು ನನಗೇ ತಿನ್ನಿಸಿದರು. ನನ್ನ ಮೇಲೆ ಉಚ್ಚೆ ಹೊಯ್ದರು. ನನ್ನನ್ನು ಬಸ್ಸು ಮಾಡಿಕೊಂಡು ಮೈಸೂರಿಗೂ ಹೋಗಿ ಬಂದರು. ಅವರನ್ನು ನೋಡಿಕೊಳ್ಳಲು ಚಿಕ್ಕತಾಯಮ್ಮ ಎಂಬ ಆಯಾ ಬಂದಳು. ಮಕ್ಕಳ ಬಾಯಲ್ಲಿ ಆಕೆ ತಾಯವ್ವ. ಗಂಡ ಇಲ್ಲ, ಸೊಂಟನೋವು ಉಂಟು, ಈ ಕೆಲಸ ಬಿಟ್ಟರೆ ಬೇರೆ ದಿಕ್ಕಿಲ್ಲ.

ನನ್ನ ಬಾಳಿನ ಮುಖ್ಯ ಕೆಲಸವನ್ನು ನನಗೆ ಕೊಟ್ಟವಳು ತಾಯವ್ವ. ಯಾವ ಮಗು ಎಲ್ಲೇ ಬೀಳಲಿ, ಅಂಗಳದಲ್ಲಿ ಎಡವಲಿ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಳ್ಳಲಿ, ಇನ್ನೊಂದು ಮಗು ಕಚ್ಚಿರಲಿ, ಆಕೆ ಅದನ್ನು ಕಂಕುಳಲ್ಲಿ ಎತ್ತಿಕೊಂಡು ನೇರ ನನ್ನ ಹತ್ತಿರ ಬರುತ್ತಿದ್ದಳು.

"ಯಾವ್ದವ್ವ ಹೊಡ್ದಿದ್ದು ನನ್ ಚಿನ್ನುಂಗೆ? ಈ ಬೆಂಚಾ? ಹೊಡಿ ಇದ್ಕೆ. ಇನ್ನೊಂದ್ ಹೊಡಿ."

ಮಗು ನನಗೆ ಎರಡು ಬಾರಿಸುತ್ತಿತ್ತು. ಮೂಗು ಸುರಿಸಿಕೊಂಡೇ ನಗುತ್ತಿತ್ತು. ಅಲ್ಲಿಗೆ ಮುಗಿಯಿತು. ಸಂಜೆ ತಾಯಂದಿರು ಓಡೋಡಿ ಬಂದು "ಇದೇನಿದು ಹಣೆ ಊದ್ಕೊಂಡದೆ?" ಎಂದರೆ ಅವರಿಗೂ ಅದೇ ಉತ್ತರ: "ಬೆಂಚು ತಗುಲ್ತು ಕಣವ್ವ." ಅವರೂ ನನಗೊಂದು ಬಾರಿಸಿ, ಮಗುವಿನ ಹಣೆಗೆ ಮುತ್ತು ಕೊಟ್ಟು, ಎತ್ತಿಕೊಂಡು ಹೋಗುತ್ತಿದ್ದರು. ಯಾರಿಗೂ ಯಾರ ಮೇಲೂ ಕೋಪವಿಲ್ಲ. ಊರಿನವರ ತಪ್ಪನ್ನೆಲ್ಲ ಮೈಮೇಲೆ ಹಾಕಿಕೊಂಡ ದೊಡ್ಡ ಮನುಷ್ಯನ ಹಾಗೆ ನಾನು ಬೀಗುತ್ತಿದ್ದೆ. ಬೀಗಿದ್ದೇ ತಪ್ಪಾಯಿತು.

ಏಟು ತಿಂದು ತಿಂದು ನನಗೆ ಪ್ರತಿ ಮಗುವಿನ ಅಂಗೈಯೂ ಗೊತ್ತಾಗಿತ್ತು. ಒಬ್ಬ ತಟ್ಟುತ್ತಿದ್ದ, ಒಬ್ಬಳು ಗುದ್ದುತ್ತಿದ್ದಳು, ಒಬ್ಬ ಹೊಡೆದು ಆಮೇಲೆ ಸವರುತ್ತಿದ್ದ. ಹಾಗೆ ಸವರುತ್ತಿದ್ದವನ ಹೆಸರು ಅಭಿಲಾಷ್.

ಒಂದು ಬೆಳಿಗ್ಗೆ ಅವನು ಚೆಂಡಿನ ಹಿಂದೆ ಓಡಿ ಬಂದು ಎಡವಿ ಬಿದ್ದ. ಸಿದ್ದಾಚಾರಿ ಉಜ್ಜದೆ ಬಿಟ್ಟಿದ್ದ ನನ್ನ ಮೂಲೆಗೆ ಅವನ ಹುಬ್ಬು ಬಡಿಯಿತು. ರಕ್ತ ನನ್ನ ಕಾಲಿನವರೆಗೂ ಇಳಿಯಿತು. ಟೀಚರ್ ಚಪ್ಪಲಿ ಹಾಕದೆ ಅವನನ್ನು ಎತ್ತಿಕೊಂಡು ಆಟೋ ಹತ್ತಿದರು. ತಾಯವ್ವ ಉಳಿದ ಮಕ್ಕಳನ್ನು ಒಳಗೆ ಕೂಡಿಹಾಕಿ, ನನ್ನನ್ನು ತೊಳೆದಳು. ಎರಡು ದಿನ ಕಳೆದು ಹುಡುಗ ಹುಬ್ಬಿನ ಮೇಲೆ ಬಿಳಿ ಪಟ್ಟಿ ಅಂಟಿಸಿಕೊಂಡು ಬಂದ. ಒಳಗೆ ಹೊಲಿಗೆ ಹಾಕಿದ್ದರಂತೆ. ನನ್ನನ್ನು ಕಂಡು ಗೋಡೆಗೆ ಒತ್ತಿಕೊಂಡು ದಾಟಿಹೋದ. ತಿಂಗಳು ತುಂಬುವುದರೊಳಗೆ ಅವರ ಮನೆಯವರು ಊರು ಬಿಟ್ಟರು.

ನನ್ನ ಮೂಲೆಗಳಿಗೆ ಹಳೇ ಸೀರೆಯ ಚೂರು ಸುತ್ತಿ ಹಗ್ಗ ಬಿಗಿದರು. ಆದರೆ ನನಗೆ ಯಾರೂ ಹೊಡೆಯಲಿಲ್ಲ. ಮಾಡದ ತಪ್ಪಿಗೆಲ್ಲ ನಾನು ಏಟು ತಿಂದಿದ್ದೆ. ನಿಜವಾಗಿ ಮಾಡಿದ ಆ ಒಂದು ತಪ್ಪಿಗೆ ಒಂದೇ ಒಂದು ಏಟೂ ಬೀಳಲಿಲ್ಲ. ಅದು ನನ್ನೊಳಗೆ ಹುಳುವಿನಂತೆ ಕೊರೆಯಿತು. ಈಗಲೂ ಕೊರೆಯುತ್ತದೆ.

ಆಮೇಲೆ ಬಂದವಳು ಮೋನಿಷಾ. ಮೂರು ತುಂಬಿರಲಿಲ್ಲ, ಹಟ ಮಾತ್ರ ಮೂವತ್ತರದ್ದು. ತಾಯಿ ಸುಕನ್ಯಾ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳು. ಬಿಟ್ಟು ಹೋಗುವಾಗ ದಿನಾ ಗೇಟಿನವರೆಗೆ ಹೋಗಿ ಮತ್ತೆ ತಿರುಗಿ ಬಂದು ಮಗಳ ಮುಖ ನೋಡುತ್ತಿದ್ದಳು. ಮೋನಿಷಾ ನನಗೆ ಬಲಗೈಯಲ್ಲಿ, ಬೆರಳು ಅಗಲಿಸಿ, ಫಟಾರನೆ ಹೊಡೆಯುತ್ತಿದ್ದಳು. ಅಷ್ಟು ಜೋರಾಗಿ ಇನ್ಯಾರೂ ಹೊಡೆದಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೈ ತೊಳೆಯಲು ಕರೆದರೆ ಅವಳು ಬರಲಿಲ್ಲ. ನನ್ನ ಪಕ್ಕ ನೆಲದಲ್ಲಿ ಕೂತು ಕಾಲು ಬಡಿದಳು. ತಾಯವ್ವನ ಸೊಂಟ ಅಂದು ಬೆಳಿಗ್ಗೆಯಿಂದಲೇ ಹಿಡಿದುಕೊಂಡಿತ್ತು. ಕಂಕುಳಿಗೆ ಕೈ ಹಾಕಿ ಎತ್ತಬೇಕು, ಕೈ ಹಿಡಿದು ಎಳೆಯಬಾರದು ಎಂದು ಟೀಚರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ತಾಯವ್ವ ಬಗ್ಗಲಿಲ್ಲ. "ಏಳೇ ಮೇಲೆ" ಎಂದು ಮಗುವಿನ ಬಲಗೈ ಹಿಡಿದು ಒಂದೇ ಜಗ್ಗು ಜಗ್ಗಿದಳು.

ಮೋನಿಷಾ ಕಿರುಚಿದಳು. ಸಿಟ್ಟಿನ ಅಳುವಲ್ಲ ಅದು, ನನಗೆ ಗೊತ್ತು. ತಾಯವ್ವನಿಗೂ ಗೊತ್ತಾಗಿರಬೇಕು, ಮುಖ ಬೆಳ್ಳಗಾಯಿತು. ಟೀಚರ್ ಒಳಗಿನಿಂದ "ಏನಾಯ್ತು?" ಎಂದು ಕೂಗಿದರು.

"ಏನಿಲ್ಲ ಟೀಚರಮ್ಮ. ಬೆಂಚಿಂದ ಬಿದ್ಲು" ಎಂದಳು ತಾಯವ್ವ. ಆಕೆಯ ನಾಲಿಗೆಗೆ ಅದೇ ರೂಢಿಯಾಗಿತ್ತು. ಆಮೇಲೆ ಮಗುವನ್ನು ಎದೆಗೆ ಒತ್ತಿಕೊಂಡು, ಎಂದಿನಂತೆ, "ಹೊಡಿ ಕಣವ್ವ ಇದ್ಕೆ" ಎಂದಳು.

ಮೋನಿಷಾ ಹೊಡೆದಳು. ಎಡಗೈಯಲ್ಲಿ. ಮೆತ್ತಗೆ.

ಬಲಗೈ ಒಗೆದು ನೇತುಹಾಕಿದ ಅಂಗಿಯ ತೋಳಿನಂತೆ ಜೋತುಬಿದ್ದಿತ್ತು. ನನಗೆ ಮಾತ್ರ ಅರ್ಥವಾಯಿತು. ನನಗೋ ಬಾಯಿಲ್ಲ. ಸಂಜೆ ಸುಕನ್ಯಾ ಬಂದು, ಮಗು ಕೈ ಮುಟ್ಟಿಸಿಕೊಳ್ಳದೆ ಅಳುವುದನ್ನು ಕಂಡು ಗಾಬರಿಯಾದಳು. ಉತ್ತರ ಸಿದ್ಧವಿತ್ತು. ಅವಳೂ ನನಗೆ ಒಂದು ಬಾರಿಸಿ, ಮಗಳನ್ನು ಹೊತ್ತುಕೊಂಡು ಓಡಿದಳು. ಆ ಏಟು ನನಗೆ ಅಸಹ್ಯವಾಯಿತು. ಇಷ್ಟು ವರ್ಷ ಎಲ್ಲರ ತಪ್ಪಿಗೂ ಬೆನ್ನು ಕೊಟ್ಟು ಕೊಟ್ಟು, ನಿಜ ಹೇಳುವ ಅಭ್ಯಾಸವನ್ನೇ ಇವರಿಗೆ ತಪ್ಪಿಸಿದ್ದು ನಾನಲ್ಲವೇ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಸುಕನ್ಯಾ ಮಗುವನ್ನು ಎತ್ತಿಕೊಂಡೇ ಬಂದಳು. ಮಗುವಿನ ಕೈಗೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿತ್ತು, ಮೊಟ್ಟೆ ಲೇಪದ ವಾಸನೆ ಹೊಡೆಯುತ್ತಿತ್ತು. ಬೆರಳುಗಳು ಊದಿದ್ದವು.

"ಬಿದ್ದವ್ಳೆ ಅಂತ ನಾನ್ ಅಂದ್ನಲ್ಲ, ಮೂಳೆ ಬಿರುಕು ಬಿಟ್ಟಿರ್ಬೇಕು ಅಂತ ಮೂಳೆ ಕಟ್ಟೋರು ಹಿಂಗ್ ಕಟ್ಟವ್ರೆ" ಎಂದಳು ಸುಕನ್ಯಾ. "ರಾತ್ರಿಯೆಲ್ಲ ಕಣ್ಮುಚ್ಲಿಲ್ಲ ಕೂಸು."

ಆಮೇಲೆ ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೆಲದಿಂದ ನನ್ನ ಹಲಗೆಯವರೆಗೆ ಗೇಣು ಹಾಕಿ ನೋಡಿದಳು. ಒಂದು ಗೇಣು, ಅದರ ಮೇಲೆ ಎರಡು ಬೆರಳು.

"ಇಷ್ಟೆತ್ತರದಿಂದ ಬಿದ್ರೆ ಮೂಳೆ ಮುರೀತದಾ ತಾಯವ್ವ?"

ತಾಯವ್ವ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಟೀಚರ್ ಅಲ್ಲೇ ನಿಂತಿದ್ದರು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಆ ಕೈ ದಬ್ಬೆಯೊಳಗೆ ಹಾಗೇ ಇರುತ್ತದೆ. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಹೇಳಿಬಿಡು ತಾಯಿ, ಈ ಸಲ ನನ್ನ ಮೇಲೆ ಹಾಕಬೇಡ ಎಂದು.

"ಬೆಂಚಿಂದಲ್ಲ ಕಣವ್ವ" ಎಂದಳು ತಾಯವ್ವ. "ನಾನೇ. ಏಳ್ನಿಲ್ಲ ಅಂತ ಕೈ ಹಿಡ್ದು ಎಳ್ದುಬುಟ್ಟೆ."

ಟೀಚರ್ ಕೂಡಲೇ ಆಟೋ ಕರೆಸಿದರು. ತಾಯಿ, ಮಗು, ಟೀಚರ್ ಮೂವರೂ ಆಸ್ಪತ್ರೆಗೆ ಹೋದರು. ತಾಯವ್ವ ಉಳಿದ ಮಕ್ಕಳಿಗೆ ಉಪ್ಪಿಟ್ಟು ಬಡಿಸಿದಳು, ಅವರ ಕೈಬಾಯಿ ತೊಳೆಸಿದಳು. ಆಮೇಲೆ ಬಂದು ನನ್ನ ಮೇಲೆ ಕೂತಳು. ಗೇಟಿನ ಕಡೆಗೇ ನೋಡುತ್ತಿದ್ದಳು.

ಮಧ್ಯಾಹ್ನಕ್ಕೆ ಆಟೋ ವಾಪಸ್ಸು ಬಂತು. ದಬ್ಬೆ ಇರಲಿಲ್ಲ. ಟೀಚರ್ ಹೇಳಿದರು: "ಎಳೆದದ್ದು ಅಂತ ಗೊತ್ತಾದ ತಕ್ಷಣ ಡಾಕ್ಟ್ರು ಕೈ ಮಡಚಿ ತಿರುಗಿಸಿದ್ರು ಅಷ್ಟೇ. ಮೊಣಕೈ ಕೀಲು ಜಾರಿತ್ತಂತೆ, ಮತ್ತೆ ಜಾಗಕ್ಕೆ ಕೂತ್ಕೊಂಡ್ತು."

ಸುಕನ್ಯಾ ಮಗುವನ್ನು ಕೆಳಗಿಳಿಸಿ, ಮೊಳೆಗೆ ನೇತುಹಾಕಿದ್ದ ಮೋನಿಷಾಳ ಚೀಲ ತೆಗೆದುಕೊಂಡಳು. ಬದಲಿ ಫ್ರಾಕು, ಲೋಟ ಎಲ್ಲ ತುಂಬಿದಳು.

"ನಿನ್ನೇನೇ ಹೇಳಿದ್ರೆ ನನ್ ಕೂಸು ಅಷ್ಟೊತ್ತು ನರಳ್ತಿರ್ನಿಲ್ಲ" ಎಂದಳು. ದನಿ ಏರಿಸಲಿಲ್ಲ. "ಎಳ್ದಿದ್ದು ಇರ್ಲಿ. ನಾನೂ ಮನೇಲಿ ಎಳ್ದಿದೀನಿ. ಸುಳ್ಳು ಯಾಕ್ ಹೇಳಿದ್ರಿ?"

ತಾಯವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು. ತಾಯವ್ವ ಅಳುವುದನ್ನು ಮಕ್ಕಳು ಎಂದೂ ನೋಡಿರಲಿಲ್ಲ.

ಮೋನಿಷಾ ತಾಯಿಯ ಸೀರೆ ಬಿಟ್ಟು ಪುಟುಪುಟು ಬಂದಳು. ತಾಯವ್ವನ ಮೊಣಕಾಲು ಹಿಡಿದು ಮುಖ ಎತ್ತಿ ನೋಡಿದಳು.

"ಬೆಂಚು ಹೊಡೀತಾ ತಾಯವ್ವ?"

ಕೇಳಿದವಳೇ ಕೈ ಎತ್ತಿ ನನಗೆ ಬಾರಿಸಿದಳು. ಬಲಗೈ. ಬೆರಳು ಅಗಲಿಸಿ, ಫಟಾರನೆ.

ಆಹಾ, ಎಂಥ ಏಟು ಅದು! ಆ ಸದ್ದಿಗೆ ಸುಕನ್ಯಾ ತಿರುಗಿ ನೋಡಿದಳು, ಮಗಳ ಕೈಯನ್ನೇ ನೋಡುತ್ತ ನಿಂತಳು. ಇನ್ನೊಂದು ಏಟಿಗೆ ಕೈ ಎತ್ತಿದ ಮಗುವನ್ನು ತಾಯವ್ವ ತಡೆದಳು.

"ಬ್ಯಾಡ ಕಣವ್ವ. ಅದು ಹೊಡೀನಿಲ್ಲ. ಅದೇನೂ ಮಾಡ್ನಿಲ್ಲ."

ನನ್ನ ಪರವಾಗಿ ಒಬ್ಬರು ಮಾತಾಡಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಆ ಬಲಗೈಯ ಏಟನ್ನು ನಾನು ಆಗಲೇ ಅಭಿಲಾಷನ ಹುಬ್ಬಿನ ಲೆಕ್ಕಕ್ಕೆ ಹಾಕಿಕೊಂಡಿದ್ದೆ; ಈಗ ಆ ಲೆಕ್ಕ ಮತ್ತೆ ಬಾಕಿ ಉಳಿಯಿತು.

ಸುಕನ್ಯಾ ಚೀಲವನ್ನು ಮತ್ತೆ ಮೊಳೆಗೆ ನೇತುಹಾಕಿದಳು.

"ಇನ್ಮ್ಯಾಕೆ ಏನಾದ್ರೂ ಆದ್ರೆ ಇದ್ದಿದ್ದು ಇದ್ದಂಗೆ ಹೇಳ್ಬುಡಿ" ಎಂದಳು. ಟೀಚರ್ ತಾಯವ್ವನನ್ನು ಚೆನ್ನಾಗಿ ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ.

ಆವತ್ತಿನಿಂದ ನನಗೆ ಹೊಡೆಸುವುದು ನಿಂತುಹೋಯಿತು. ಕಾಲ ಸರಿದು ಪ್ಲಾಸ್ಟಿಕ್ ಕುರ್ಚಿಗಳು ಬಂದವು. ತಾಯವ್ವ ಕೆಲಸ ಬಿಡುವಾಗ ನನ್ನನ್ನು ಕೇಳಿ ತನ್ನ ಮನೆಗೆ ಒಯ್ದಳು. ಈಗ ನಾನು ಅವಳ ಮನೆ ಜಗಲಿಯ ಮೂಲೆಯಲ್ಲಿದ್ದೇನೆ. ಒಂದು ಕಾಲು ಅಲುಗಾಡುತ್ತದೆ, ಕೆಳಗೆ ಇಟ್ಟಿಗೆ ಚೂರು ಕೊಟ್ಟಿದ್ದಾರೆ. ಮೂಲೆಗೆ ಸುತ್ತಿದ ಸೀರೆ ಚೂರನ್ನು ತಾಯವ್ವ ಹಬ್ಬಕ್ಕೊಮ್ಮೆ ಬದಲಾಯಿಸುತ್ತಾಳೆ.

ಮೊನ್ನೆ ಅವಳ ಮೊಮ್ಮಗ ನನ್ನ ಮೇಲೆ ಹತ್ತಿ ಜಾರಿ ಬಿದ್ದ. ನಾನು ರೂಢಿಯಂತೆ ಏಟಿಗೆ ಮೈ ಗಟ್ಟಿ ಮಾಡಿಕೊಂಡೆ. ತಾಯವ್ವ ಸೊಂಟ ಹಿಡಿದುಕೊಂಡು, ನಿಧಾನವಾಗಿ ಬಗ್ಗಿ, ಮಗುವಿನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದಳು.

"ಯಾರೂ ಹೊಡೀನಿಲ್ಲ ಕಣಪ್ಪ, ನೀನೇ ಬಿದ್ದೆ. ಎಲ್ಲಿ ನೋವು, ತೋರ್ಸು."

ಹುಡುಗ ತೋರಿಸಿದ. ಅವಳು ಊದಿದಳು. ನಾನು ಏಟಿಗೆ ಕಾಯುತ್ತಲೇ ಇದ್ದೆ.