ಮೆಟ್ಟಿಲು ಹತ್ತದ ರಕ್ತ

ಮನೆಯಲ್ಲಿ ನನಗಿರುವ ಹೆಸರು ಅನುಮಾನದ ಪಿಶಾಚಿ. ಅಂಗಡಿಯವನು ಒಂದು ಹಣ್ಣು ಹೆಚ್ಚಿಗೆ ಹಾಕಿದರೆ, ಯಾವುದು ಕೊಳೆತಿದೆ ಎಂದು ಹುಡುಕುವವಳು ನಾನು. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಕೈಕುಲುಕಿ ಕುಣಿದಾಡಿದ ದಿನ ನಾನೊಬ್ಬಳೇ ಮುಖ ಗಂಟಿಕ್ಕಿಕೊಂಡು ಕೂತಿದ್ದೆ.

ವರ್ಷಗಟ್ಟಲೆ ಬಿಡದ ಆಯಾಸದ ಕಾಯಿಲೆಗೆ ರಕ್ತದಲ್ಲೊಂದು ಗುರುತು ಹುಡುಕುವುದು ನಮ್ಮ ಕೆಲಸ. ಈ ಕಾಯಿಲೆಯವರು ನೋಡಲು ಚೆನ್ನಾಗಿಯೇ ಇರುತ್ತಾರೆ, ಮಾಮೂಲಿ ಪರೀಕ್ಷೆಗಳಲ್ಲೂ ಏನೂ ಸಿಗುವುದಿಲ್ಲ. ಅದೇ ಅವರು ಮಾಡಿದ ತಪ್ಪು! ನನ್ನ ತಂಗಿಗೂ ಇದೇ ಕಾಯಿಲೆ. ತಲೆಸ್ನಾನ ಮಾಡಿದರೆ ಎರಡು ದಿನ ಹಾಸಿಗೆ. "ಗುಂಡುಕಲ್ಲಿನ ಹಾಗಿದಾಳೆ, ಕೆಲಸ ಅಂದ್ರೆ ಮಾತ್ರ ಸುಸ್ತು" ಎಂದು ಅವಳ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಾರೆ. ಗಂಡ ಮುಖ ತಿರುಗಿಸುತ್ತಾನೆ.

ಈಗ ಗುರುತು ಸಿಕ್ಕಿತ್ತು. ಆಯಾಸದವರೆಲ್ಲರ ರಕ್ತದಲ್ಲಿ ಒಂದು ಆಮ್ಲ ಹೆಚ್ಚು, ಆರೋಗ್ಯವಂತರಲ್ಲಿ ಕಡಿಮೆ. ತಂಗಿಯೂ ರಕ್ತ ಕೊಟ್ಟಿದ್ದಳು, ಅವಳಲ್ಲೂ ಹೆಚ್ಚು. ನಮ್ಮ ದೊಡ್ಡ ಡಾಕ್ಟರು ಖುಷಿ ತಡೆಯಲಾರದೆ ಅವಳಿಗೆ ತಾವೇ ಫೋನ್ ಮಾಡಿ ತಿಳಿಸಿಬಿಟ್ಟರು. ಅವಳು ನನಗೆ ಫೋನ್ ಮಾಡಿ ಅತ್ತಳು.

"ಅಕ್ಕಾ, ಇವತ್ತು ಇವರೇ ಕಾಫಿ ಮಾಡಿ ತಂದ್ಕೊಟ್ರು ಕಣೇ. ಇಷ್ಟು ದಿನ ನಂಬಲಿಲ್ಲ, ತಪ್ಪಾಯ್ತು ಅಂದ್ರು."

ಆದರೆ ಒಬ್ಬರ ಲೆಕ್ಕವೂ ಆಚೀಚೆ ಆಗದಿದ್ದುದೇ ನನಗೆ ಹಿಡಿಸಲಿಲ್ಲ. ಮನುಷ್ಯರ ರಕ್ತ ಅಷ್ಟೊಂದು ಹೇಳಿದ ಮಾತು ಕೇಳುವುದಿಲ್ಲ. ಮೊದಲು ಯಂತ್ರದ ಮೇಲೆ ಅನುಮಾನಪಟ್ಟೆ, ಆಮೇಲೆ ರಾಸಾಯನಿಕಗಳ ಮೇಲೆ, ಕೊನೆಗೆ ದೊಡ್ಡ ಡಾಕ್ಟರ ಮೇಲೂ. ಎಲ್ಲಿಯೂ ಹುಳುಕು ಸಿಗಲಿಲ್ಲ.

ಒಂದು ಬೆಳಿಗ್ಗೆ, ಆರೋಗ್ಯವಂತರ ಗುಂಪಿಗೆ ರಕ್ತ ಕೊಡಲು ಬಂದ ದಢೂತಿ ಆಸಾಮಿಯೊಬ್ಬ ಲ್ಯಾಬಿನ ಬಾಗಿಲು ಹಿಡಿದು ಏದುಸಿರು ಬಿಡುತ್ತಾ ನಿಂತ.

"ಏನ್ ಮೇಡಂ, ಗಟ್ಟಿಮುಟ್ಟಾಗಿರೋರು ಬೇಕು ಅಂತೀರಾ, ಮೂರು ಮಹಡಿ ಹತ್ತಿಸಿ ಸಾಯಿಸ್ತೀರಾ!"

ನಕ್ಕು ಕೂರಿಸಿದೆ. ರಕ್ತ ತೆಗೆದು, ಕಣಗಳನ್ನು ಬೇರ್ಪಡಿಸಲು ಪಕ್ಕದಲ್ಲೇ ಇದ್ದ ತಿರುಗುವ ಯಂತ್ರಕ್ಕೆ ಕೂಡಲೇ ಹಾಕಿದೆ. ಅಷ್ಟರಲ್ಲಿ ನಗು ನಿಂತುಹೋಯಿತು. ಆಯಾಸದವರು ಯಾರೂ ಈ ಬಾಗಿಲಿಗೆ ಬಂದದ್ದೇ ಇಲ್ಲವಲ್ಲ!

ಪಾಪ, ಮೆಟ್ಟಿಲು ಹತ್ತಲಾರರು ಎಂದು ಅವರಿಗಾಗಿ ನೆಲಮಹಡಿಯಲ್ಲಿ ಮಂಚ ಹಾಕಿಸಿದ್ದೆವು. ನರ್ಸಮ್ಮ ಅಲ್ಲಿಯೇ ಮಲಗಿಸಿ ರಕ್ತ ತೆಗೆದು, ಎಲ್ಲರದ್ದೂ ಮುಗಿದ ಮೇಲೆ ಒಟ್ಟಿಗೆ ಮೇಲೆ ತರುತ್ತಿದ್ದಳು. ಟ್ಯೂಬಿನಲ್ಲಿ ಬಿಟ್ಟ ರಕ್ತ ಸುಮ್ಮನಿರುವುದಿಲ್ಲ. ಕಣಗಳು ಅಲ್ಲೇ ಸಕ್ಕರೆ ತಿಂದು ಅದೇ ಆಮ್ಲವನ್ನು ಬಿಡುತ್ತಿರುತ್ತವೆ. ಲ್ಯಾಬಿನಲ್ಲಿ ಇದು ಗೊತ್ತಿಲ್ಲದವರಿಲ್ಲ, ಕರುಣೆಯ ಭರದಲ್ಲಿ ಮರೆತಿದ್ದೆವು.

ನನ್ನದೇ ರಕ್ತ ಎರಡು ಟ್ಯೂಬು ತೆಗೆಸಿದೆ. ಒಂದನ್ನು ಆಗಲೇ ತಿರುಗಿಸಿದೆ, ಇನ್ನೊಂದನ್ನು ಕೆಳಗೆ ಮಂಚದ ಪಕ್ಕ ಮಧ್ಯಾಹ್ನದವರೆಗೆ ಬಿಟ್ಟೆ. ಮೊದಲನೆಯದರ ಪ್ರಕಾರ ನಾನು ಗುಂಡುಕಲ್ಲು. ಎರಡನೆಯದರ ಪ್ರಕಾರ ತಂಗಿಗಿಂತ ದೊಡ್ಡ ರೋಗಿ.

ದೊಡ್ಡ ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಕೊನೆಗೆ, ಮೊದಲಿನಿಂದ ಮಾಡೋಣ ಎಂದರು. ಅವರಿಗೆ ಹೇಳುವುದು ಸುಲಭವಾಗಿತ್ತು. ತಂಗಿಗೆ ಹೇಳಲು ಅವಳ ಮನೆಗೇ ಹೋದೆ.

ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದವಳು ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ನೀನೂ ನನ್ನ ನಂಬಲ್ಲ."

"ನಿನ್ನ ನಂಬ್ತೀನಿ ಕಣೇ. ನನ್ನ ಟ್ಯೂಬನ್ನ ನಂಬಲ್ಲ."

"ಅದನ್ನ ನಮ್ಮತ್ತೆಗೆ ಹೇಳು."

ಅತ್ತೆ ಬಾಗಿಲಾಚೆಯೇ ಇದ್ದರು. "ನಾನು ಮೊದಲೇ ಹೇಳಿದ್ನಲ್ಲ" ಎಂಬ ಮಾತು ತೇಲಿ ಬಂತು. ನನಗೆ ಮೈಯೆಲ್ಲ ಉರಿಯಿತು. ನಾನು ಎದ್ದೇಳುವಷ್ಟರಲ್ಲಿ ತಂಗಿ ಕೈ ಹಿಡಿದಳು.

"ಜಗಳ ಬೇಡ, ಕೇಳಿಸ್ಕೊಳ್ಳೋಕೂ ಶಕ್ತಿ ಇಲ್ಲ. ಮತ್ತೆ ಯಾವಾಗ ರಕ್ತ ತೆಗೀತೀರಾ?"

"ನಾಳೆಯಿಂದ. ಈ ಸಲ ಏನೂ ಸಿಗದೇ ಇರಬಹುದು."

"ಸಿಗದಿದ್ರೆ ಇನ್ನೊಂದು ಕಡೆ ಹುಡುಕು. ಎಲ್ಲಾರೂ ನನ್ನ ಮೇಲೆ ಅನುಮಾನ ಪಡ್ತಾರೆ. ನೀನೊಬ್ಳಾದ್ರೂ ರಕ್ತದ ಮೇಲೆ ಪಡು, ಪಿಶಾಚಿ."

ಮರುದಿನ ಗಂಡನೇ ಅವಳನ್ನು ಕರೆತಂದ. ಅವನ ಮುಖ ಮತ್ತೆ ಆಚೆ ತಿರುಗಿತ್ತು. ಅವಳು ನೆಲಮಹಡಿಯ ಮಂಚದ ಮೇಲೆ ಮಲಗಿ ತೋಳು ಚಾಚಿದಳು. ನರ್ಸಮ್ಮ ಟ್ಯೂಬನ್ನು ನನ್ನ ಕೈಗಿಟ್ಟಳು.

"ಓಡು ಅಕ್ಕಾ, ನನ್ ಕೈಲಾಗಲ್ಲ" ಎಂದಳು ತಂಗಿ.

ಟ್ಯೂಬು ಇನ್ನೂ ಬೆಚ್ಚಗಿತ್ತು. ನಾನು ಓಡಿದೆ.